ಅವ್ವನ ಒಂದು ಹಿಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅಳತೆಗೆ ಸಿಗದ ಯಾವುದರ ಮೇಲೂ ನನಗೆ ನಂಬಿಕೆಯಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಮೂವತ್ತೈದು ವರ್ಷ ಲೇಥ್ ಯಂತ್ರದ ಮುಂದೆ ನಿಂತವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಡಿದ ಮಾಲು ವಾಪಸು ಬರುವ ಕಸಬು ಅದು. ಹಾಗಾಗಿ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ದಪ್ಪ ಅಳೆಯುವ ಒಂದು ವರ್ನಿಯರ್ ಇಟ್ಟುಕೊಂಡು ಓಡಾಡುವುದು ರೂಢಿಯಾಗಿಬಿಟ್ಟಿದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಹೆಂಡತಿ ಗಿರಿಜಾ ಬಡಿದ ಜೋಳದ ರೊಟ್ಟಿಯನ್ನು ನಾಲ್ಕು ಕಡೆ ಅಳೆದು ನೋಡಿ, ಒಂದು ಬದಿ ತುಸು ದಪ್ಪವಾಗಿದೆ ಎಂದು ಹೇಳಿದ್ದೆ. ಮೆಚ್ಚುಗೆಯ ಮಾತೆಂದೇ ನಾನು ತಿಳಿದಿದ್ದೆ, ಯಾಕೆಂದರೆ ಉಳಿದ ಮೂರು ಕಡೆ ಅಳತೆ ಒಂದೇ ಇತ್ತು. ಆಮೇಲೆ ಮೂರು ದಿನ ನಮ್ಮ ಮನೆಯಲ್ಲಿ ಬರೀ ಅನ್ನ ಸಾರು.

ಇಂಥ ನಾನು ಹುಟ್ಟಿದ್ದು ಮಾತ್ರ ಅಳತೆಯೆಂದರೇನೆಂದೇ ಗೊತ್ತಿಲ್ಲದ ಮನೆಯಲ್ಲಿ. ಖಾನಾಪುರದ ನಮ್ಮ ಮನೆಯಲ್ಲಿ ಯಾರ ಮೈಯ ಯಾವ ಭಾಗ ಮುನಿಸಿಕೊಂಡರೂ ಡಾಕ್ಟರಿಗಿಂತ ಮೊದಲು ಒಂದು ಸೊಪ್ಪು ಬರುತ್ತಿತ್ತು. ಕೆಮ್ಮಿದರೆ ದೊಡ್ಡಪತ್ರೆ. ಬಾಯಲ್ಲಿ ಹುಣ್ಣಾದರೆ ಬಸಳೆ. ಹೊಟ್ಟೆಯಲ್ಲಿ ವಾಯು ತುಂಬಿಕೊಂಡರೆ ಸಬ್ಬಸಿಗೆ, ಮಂಡಿ ಹಿಡಿದರೆ ನುಗ್ಗೆ. ಬೇಸಿಗೆಯಲ್ಲಿ ಕಣ್ಣುರಿಯೆಂದರೆ ಹೊಲದ ಬದುವಿನಲ್ಲಿ ತಾನಾಗಿ ಹಬ್ಬಿಕೊಳ್ಳುವ ಗೋಳಿ ಸೊಪ್ಪನ್ನು ಬೇಳೆಯಲ್ಲಿ ಹಾಕಿ ಬೇಯಿಸುತ್ತಿದ್ದಳು ಅವ್ವ. ನಮಗೆ ಊಟ ಯಾವುದು, ಔಷಧ ಯಾವುದು ಎಂಬ ಗೆರೆಯೇ ಕಾಣುತ್ತಿರಲಿಲ್ಲ. ಬಹಳ ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕೇಳಿ ಬಡಿಸಿಕೊಂಡರೆ ಅದು ಪಲ್ಯ, ಮೂಗು ಹಿಡಿದು ತಿನ್ನಿಸಿದರೆ ಔಷಧ. ಸೊಪ್ಪು ಎರಡಕ್ಕೂ ಒಂದೇ.

ಈ ವಿದ್ಯೆ ನಮ್ಮವ್ವನೊಬ್ಬಳ ಸ್ವತ್ತೇನೂ ಅಲ್ಲ. ಬೆಳಗಾವಿಯ ಖಾಸಬಾಗದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರ ಮುಂದೆ ಒಮ್ಮೆ ನಿಂತು ನೋಡಬೇಕು. ಕಳೆದ ಮಳೆಗಾಲದಲ್ಲಿ ಗಿರಿಜಾ ಸಬ್ಬಸಿಗೆ ತರಲು ಕಳಿಸಿದ್ದಳು. ನಾನು ಒಂದು ಕಟ್ಟು ಎತ್ತಿಕೊಂಡೆ. ಮಾರುವವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಣಂತಿಗೇನ್ರಿ?" ಎಂದಳು. ಅಲ್ಲ, ನನಗೇ ಹೊಟ್ಟೆ ಉಬ್ಬರ ಎಂದೆ. "ಹಂಗಾರ ಈ ಕಟ್ಟ ಬ್ಯಾಡ್ರಿ, ಬಲತೈತಿ. ಎಳೀದು ಒಯ್ರಿ, ಬೆಳ್ಳೊಳ್ಳಿ ಜಾಸ್ತಿ ಹಾಕಂತ ಹೇಳ್ರಿ ಅಕ್ಕಾರಿಗೆ," ಎಂದು ಕಟ್ಟು ಬದಲಿಸಿ ಕೊಟ್ಟಳು. ಪಕ್ಕದಲ್ಲಿ ರಾಜಗಿರಿ ಕೊಳ್ಳುತ್ತಿದ್ದ ಇನ್ನೊಬ್ಬಳು ಜೊತೆಗೆ ಸ್ವಲ್ಪ ಓಂಕಾಳು ಕೂಡ ಬಾಯಿಗೆ ಹಾಕಿಕೊಳ್ಳಲು ಹೇಳಿದಳು. ಸಂತೆಯ ನಡುವೆ ನನ್ನ ಹೊಟ್ಟೆಯ ಬಗ್ಗೆ ಇಬ್ಬರ ಸಮಾಲೋಚನೆ ಮುಗಿಯಿತು. ತಪಾಸಣೆಗೆ ಬೇರೆ ಚಾರ್ಜಿಲ್ಲ.

ನನ್ನ ತೊಂದರೆ ಶುರುವಾದದ್ದು ಮೊಬೈಲಿನಿಂದ. ಶೆಡ್ಡಿನ ಅರ್ಧ ಕೆಲಸವನ್ನು ಪಾಲುದಾರರಿಗೆ ಒಪ್ಪಿಸಿದ ಮೇಲೆ ಕೈಯಲ್ಲಿ ಹೊತ್ತು ಹೆಚ್ಚಾಗಿ, ಆರೋಗ್ಯದ ವಿಡಿಯೋಗಳನ್ನು ನೋಡುವ ಚಟ ಹತ್ತಿತು. ಬಿಳಿ ಕೋಟು ಹಾಕಿದ ಒಬ್ಬ ಮಹಾನುಭಾವ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಗ್ಗೆ ಸೊಪ್ಪಿನ ಹಸಿ ರಸ ಕುಡಿದರೆ ಮಂಡಿ ಹೊಸದಾಗುತ್ತದೆ ಎಂದು ಆಣೆ ಮಾಡಿ ಹೇಳಿದ. ಎಷ್ಟು ಕುಡಿಯಬೇಕೆಂದು ಹೇಳುವಷ್ಟರಲ್ಲಿ ಜಾಹೀರಾತು ಬಂತು. ಒಳ್ಳೆಯದು ಎಷ್ಟಿದ್ದರೂ ಒಳ್ಳೆಯದೇ ಎಂದುಕೊಂಡು ನಾನು ಒಂದು ಚೆಂಬು ಕುಡಿದೆ. ಮಂಡಿಯ ಸಂಗತಿ ಗೊತ್ತಾಗಲಿಲ್ಲ, ಆದರೆ ಅವತ್ತು ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಪಡಸಾಲೆಯಿಂದ ಶೌಚಾಲಯಕ್ಕೆ ನಾನು ನಡೆದ ದೂರವನ್ನು ಕೂಡಿಸಿದರೆ ಖಾನಾಪುರ ಮುಟ್ಟಬಹುದಿತ್ತು.

ಸುದ್ದಿ ಫೋನಿನಲ್ಲಿ ಅವ್ವನಿಗೆ ಹೋಯಿತು. ಎಪ್ಪತ್ತೆಂಟು ವರ್ಷದ ಅವ್ವ ಖಾನಾಪುರದಲ್ಲಿ ನನ್ನ ತಮ್ಮ ಬಸವರಾಜ ಮತ್ತು ಅವನ ಹೆಂಡತಿ ಮಹಾದೇವಿಯ ಜೊತೆ ಇದ್ದಾಳೆ. "ತಪ್ಪಲ ತಿನ್ನೂದ್ಯಪ್ಪಾ, ಕುಡಿಯೂದಲ್ಲ," ಎಂದಳು. ತಪ್ಪಲು ಅಂದರೆ ನಮ್ಮ ಕಡೆ ಸೊಪ್ಪು. "ಮತ್ತ ಎಷ್ಟ ತಿನ್ನಬೇಕವ್ವಾ?" "ಒಂದು ಹಿಡಿ." "ಒಂದು ಹಿಡಿ ಅಂದ್ರ ಎಷ್ಟು?" ಅವ್ವ ಇವನಿಗೆ ಭೇದಿಯ ಜೊತೆ ತಲೆಗೂ ಏನೋ ಆಗಿದೆ ಎಂಬ ದನಿಯಲ್ಲಿ, "ಒಂದು ಹಿಡಿ ಅಂದ್ರ ಒಂದು ಹಿಡಿ," ಎಂದಳು.

ಅಲ್ಲಿಗೆ ನನಗೊಂದು ಜೀವನೋದ್ದೇಶ ಸಿಕ್ಕಿತು. ಅವ್ವನ ಸೊಪ್ಪಿನ ವಿದ್ಯೆಯನ್ನೆಲ್ಲ ಅಳತೆಯ ಸಮೇತ ಬರೆದಿಡಬೇಕು. ಇಷ್ಟು ಗ್ರಾಂ ಸೊಪ್ಪು, ಇಷ್ಟು ನೀರು, ಇಷ್ಟು ದಿನ. ಒಂದು ಉದ್ದ ನೋಟಬುಕ್ಕು ಕೊಂಡು ಗೆರೆ ಹಾಕಿದೆ. ಸೊಪ್ಪಿನ ಹೆಸರು, ತೂಕ, ಯಾವ ಕಾಯಿಲೆ ಜಡ್ಡಿಗೆ, ಕೊನೆಗೆ ಷರಾ ಎಂದು ನಾಲ್ಕು ಅಂಕಣ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಹೆಚ್ಚೆಂದರೆ ಒಂದು ತಾಸಿನ ದಾರಿ. ಆದರೂ ಅಲ್ಲಿಯವರೆಗೆ ನಾನು ಆ ಊರಿಗೆ ಹೋಗುತ್ತಿದ್ದದ್ದು ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ, ಯಾರಾದರೂ ತೀರಿಕೊಂಡರೆ ಇನ್ನೊಮ್ಮೆ. ಕೆಲಸವಿಲ್ಲದೆ ಎಲ್ಲಿಗೂ ಹೋಗುವ ಮನುಷ್ಯ ನಾನಲ್ಲ. ಈಗ ಕೆಲಸ ಸಿಕ್ಕಿತ್ತು, ಪ್ರತಿ ಭಾನುವಾರ ಹೋಗತೊಡಗಿದೆ.

ಆ ಭಾನುವಾರಗಳು ಚೆನ್ನಾಗಿದ್ದವು. ಅವ್ವ ಹಿತ್ತಿಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂರುವಳು, ನಾನು ಎದುರಿಗೆ ತಕ್ಕಡಿ ಇಟ್ಟುಕೊಂಡು ಕೂರುವೆ. ಅವಳು ಒಂದು ಹಿಡಿ ನುಗ್ಗೆ ಸೊಪ್ಪು ತೆಗೆದು ತಕ್ಕಡಿಗೆ ಹಾಕುವಳು. ಒಂದು ಸಲ ಅಳೆದದ್ದನ್ನು ನಾನು ನಂಬುವುದಿಲ್ಲವಾದ್ದರಿಂದ ಮೂರು ಸಲ ಹಾಕಿಸಿ ಸರಾಸರಿ ತೆಗೆಯುತ್ತಿದ್ದೆ. ಮೊದಲ ದಿನ ನುಗ್ಗೆ ನಲವತ್ತು ಗ್ರಾಂ ಬಂತು. ಪಕ್ಕದ ಮನೆಯ ಮರಾಠಿ ಹೆಣ್ಣುಮಗಳು ಸುಮನ್ ಮಾವಶಿ ಕೆಮ್ಮಿಗೆ ಎಲೆ ಒಯ್ಯಲು ಬಂದವಳು ನಮ್ಮ ಈ ಆಟ ನೋಡಿ, "ಕಾಯ್ ರೇ, ಸೋನ ತೂಗಾಕತ್ತೀರೇನ?" ಎಂದು ನಮ್ಮ ಸೊಪ್ಪನ್ನು ಬಂಗಾರ ಮಾಡಿ ನಕ್ಕಳು. ಆ ಊರಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಅವ್ವನಿಗೂ ಪ್ರತಿಯೊಂದು ಸೊಪ್ಪಿಗೆ ಎರಡೆರಡು ಹೆಸರು ಬಾಯಲ್ಲಿವೆ. ನುಗ್ಗೆಗೆ ಶೇವಗಾ, ಸಬ್ಬಸಿಗೆಗೆ ಶೇಪು. ಯಾವ ಹೆಸರಿನಿಂದ ಕೇಳಿದರೂ ಅದೇ ಹಿತ್ತಿಲಿನ ಅದೇ ಗಿಡದಿಂದ ಕಿತ್ತು ಕೊಡುತ್ತಾಳೆ. ಬೆಳಗಾವಿಯ ದೊಡ್ಡವರು ಈ ಹಿತ್ತಿಲಲ್ಲಿ ಬಂದು ಒಂದು ಗಂಟೆ ಕೂತರೆ ಅವರ ಎಷ್ಟೋ ಭಾಷಣಗಳು ಮೊಟಕಾದಾವು ಎನ್ನಿಸುತ್ತಿತ್ತು.

ನೋಟಬುಕ್ಕು ತುಂಬುತ್ತಾ ಹೋಯಿತು. ಆದರೆ ನನಗೊಂದು ಕಿರಿಕಿರಿ ಶುರುವಾಯಿತು. ಒಮ್ಮೆ ಅಳೆದದ್ದನ್ನು ತಿಂಗಳ ಮೇಲೆ ಮತ್ತೆ ಅಳೆದು ತಾಳೆ ನೋಡುವುದು ನನ್ನ ಕಸಬಿನ ಕ್ರಮ. ಹಾಗೆ ನೋಡಿದರೆ ನುಗ್ಗೆ ಮೂವತ್ತಾರಕ್ಕೆ ಇಳಿದಿತ್ತು. ಇನ್ನೊಂದು ತಿಂಗಳಿಗೆ ಮೂವತ್ತೆರಡು. ಅವ್ವನ ಬಳಿ ಪ್ರತಿಸಲವೂ ಒಂದು ಕಾರಣ ಸಿದ್ಧವಿರುತ್ತಿತ್ತು. "ತಪ್ಪಲ ಎಳೀದೈತಿ, ಹಗರ ಬರತೈತಿ." ಸರಿ, ಷರಾದಲ್ಲಿ ಬರೆದುಕೊಂಡೆ. "ಬಿಸಿಲಿಗೆ ಬಾಡೇತಿ." ಅದನ್ನೂ ಬರೆದುಕೊಂಡೆ. ಒಂದು ದಿನ ಇಪ್ಪತ್ತೇಳು ಬಂದಾಗ ನನ್ನ ತಾಳ್ಮೆ ಹೋಯಿತು. "ಯವ್ವಾ, ನಿನ್ನ ಹಿಡಿ ಒಂದೊಂದ ಸಲ ಒಂದೊಂದ ಆದ್ರ ನಾ ಏನಂತ ಬರೀಲಿ? ಜರಾ ಲಕ್ಷ್ಯ ಇಟ್ಟ ಹಿಡಿ," ಎಂದೆ. ಎಂಬತ್ತರ ಹತ್ತಿರದ ತಾಯಿಗೆ ಸೊಪ್ಪು ಹಿಡಿಯುವುದನ್ನು ಕಲಿಸಲು ಹೋದ ಈ ಮಗ ಅಷ್ಟಕ್ಕೇ ನಿಲ್ಲದೆ, ಷರಾ ಅಂಕಣದಲ್ಲಿ "ಅವ್ವ ಲಕ್ಷ್ಯ ಕೊಡುತ್ತಿಲ್ಲ" ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದ.

ಮುಂದಿನ ಭಾನುವಾರ ಅವ್ವ ಮೊರವನ್ನು ನನ್ನ ಕಡೆಗೆ ಸರಿಸಿ, "ನನ್ನ ಹಿಡಿ ಯಾಕ ಬೇಕೋ ನಿನಗ? ಯಾರಿಗೆ ಔಷಧಾನೋ ಅವರ ಹಿಡೀಲೇ ಅಳೀಬೇಕು," ಎಂದಳು. ಅವತ್ತಿನಿಂದ ಎಲೆ ಕೇಳಿ ಬಂದವರಿಗೂ ಹಾಗೆಯೇ ಹೇಳತೊಡಗಿದಳು. "ನಿನ್ನ ಹಿಡೀಲೇ ಒಂದು ಹಿಡಿ ತಗೋ, ತಾಯಿ."

ನಾನು ಬೆರಗಾದೆ. ಎಂಥ ದೊಡ್ಡ ಮಾತು! ಯಾರ ಹೊಟ್ಟೆಗೋ ಅವರ ಕೈಯೇ ಅಳತೆ. ಮಗುವಿಗೆ ಮಗುವಿನ ಹಿಡಿ, ಗಟ್ಟಿ ಆಳಿಗೆ ಗಟ್ಟಿ ಆಳಿನ ಹಿಡಿ. ನಮ್ಮ ಹಳೆಯ ವೈದ್ಯದಲ್ಲೂ ಮೈಯೊಳಗಿನ ರಸಗಳನ್ನು ಅವರವರ ಬೊಗಸೆಯಿಂದಲೇ ಅಳೆಯುತ್ತಿದ್ದರಂತೆ. ಹಿರಿಯರು ಮನುಷ್ಯನ ದೇಹ ಮೂರೂವರೆ ಮೊಳ ಅನ್ನುವುದೂ ಹೀಗೆಯೇ. ಕುಳ್ಳನಾಗಲಿ ಎತ್ತರದವನಾಗಲಿ, ಅವನ ಮೊಳದಲ್ಲಿ ಅವನು ಮೂರೂವರೆ. ಈ ಕಡೆಯಿಂದ ನೋಡಿದರೆ ಲೋಕದಲ್ಲಿ ಎಲ್ಲರೂ ಸಮಾನರು. ನಾನು ಎರಡು ಪುಟ ಟಿಪ್ಪಣಿ ಬರೆದೆ. ಅಷ್ಟಕ್ಕೆ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆಟೋ ನಗರದ ಚಹಾದಂಗಡಿಯಲ್ಲಿ ವೆಲ್ಡಿಂಗಿನವರಿಗೂ ಪೇಂಟಿಂಗಿನವರಿಗೂ ಈ ತತ್ವದ ಮೇಲೆ ಒಂದು ವಾರ ಪ್ರವಚನ ಮಾಡಿದೆ. ಅವರು ಚಹಾ ಮುಗಿಯುವವರೆಗೆ ಗೌರವದಿಂದ ಕೇಳಿದರು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಒಬ್ಬ ಗಿರಾಕಿ ನಮ್ಮ ಶೆಡ್ಡಿಗೆ ಬೇರೆ ಕಡೆ ಮಾಡಿಸಿದ ಇಪ್ಪತ್ತು ಬುಶ್, ಅಂದರೆ ಯಂತ್ರಕ್ಕೆ ಹಾಕುವ ಲೋಹದ ಬಳೆ, ತಂದು ಟೇಬಲ್ ಮೇಲೆ ಸುರಿದ. ಒಂದಕ್ಕೊಂದು ತಾಳೆಯಾಗುವುದಿಲ್ಲ, ಆ ಮೆಕ್ಯಾನಿಕ್‌ಗೆ ಕೆಲಸದ ಮೇಲೆ ಲಕ್ಷ್ಯವೇ ಇಲ್ಲ ಎಂದು ಬೈದ. ನಾನು ಬುಶ್‌ಗಳನ್ನು ಅವುಗಳ ಮೇಲೆ ಕೊರೆದಿದ್ದ ನಂಬರು ನೋಡಿ ಮಾಡಿದ ಕ್ರಮದಲ್ಲೇ ಸಾಲಾಗಿ ಇಟ್ಟು ಅಳೆದೆ. ಒಂದೊಂದೂ ಹಿಂದಿನದಕ್ಕಿಂತ ಎಳೆಯಷ್ಟು ದಪ್ಪ. ಮೂವತ್ತೈದು ವರ್ಷದಲ್ಲಿ ನೂರಾರು ಸಲ ಹೇಳಿದ ಮಾತನ್ನೇ ಅವನಿಗೂ ಹೇಳಿದೆ. "ಲಕ್ಷ್ಯ ಇಲ್ಲಂದ್ರ ಅಳತಿ ಒಮ್ಮೆ ಹೆಚ್ಚ, ಒಮ್ಮೆ ಕಡಿಮಿ ಬರತೈತ್ರಿ. ಹಿಂಗ ಒಂದ ಕಡೆ ಸರಕೋತ ಹೊಂಟೈತಿ ಅಂದ್ರ ಮನಷ್ಯಾಂದ ತಪ್ಪಿಲ್ಲ, ಕೊರಿಯೂ ಟೂಲ್ ಸವದೈತಿ."

ಹೇಳಿದ ಮಾತು ಬಾಯಿಂದ ಹೊರಬಿದ್ದಿದ್ದೇ ತಡ, ನನ್ನ ಕೈ ಅಲ್ಲೇ ನಿಂತಿತು. ಗಿರಾಕಿಯನ್ನು ಕಳಿಸಿ ಚೀಲದಿಂದ ನೋಟಬುಕ್ಕು ತೆಗೆದೆ. ನುಗ್ಗೆ ನಲವತ್ತು, ಮೂವತ್ತಾರು, ಮೂವತ್ತೆರಡು, ಇಪ್ಪತ್ತೇಳು. ಮೆಂತ್ಯ ನೋಡಿದೆ, ಅದೂ ಇಳಿದಿತ್ತು. ರಾಜಗಿರಿ, ಬಸಳೆ, ಸಬ್ಬಸಿಗೆ, ಎಲ್ಲವೂ ಒಂದೇ ಕಡೆ ಸರಿದಿದ್ದವು. ಒಂದು ಅಂಕಿಯಾದರೂ ತಪ್ಪಿ ಮೇಲೆ ಹೋಗಿದ್ದರೆ ಸಮಾಧಾನವಾಗುತ್ತಿತ್ತು. ಇಷ್ಟು ತಿಂಗಳು ನಾನು ಸೊಪ್ಪಿನ ತೂಕವೆಂದು ಬರೆದುಕೊಂಡದ್ದು ಅವ್ವನ ಕೈಯ ಶಕ್ತಿ ಇಳಿಯುತ್ತಿದ್ದ ಲೆಕ್ಕವಾಗಿತ್ತು. ಅದನ್ನು ಸ್ವಚ್ಛ ಅಕ್ಷರದಲ್ಲಿ ಬರೆದು, ತಪ್ಪು ಅವಳದೆಂದು ಗೆರೆ ಎಳೆದಿದ್ದೆ. ಆಗ ಆದ ನಾಚಿಕೆಯನ್ನು ಈಗ ಹಾಸ್ಯ ಮಾಡಿ ಹೇಳಲು ನನಗೆ ಬರುವುದಿಲ್ಲ.

ವಾರದ ನಡುವೆ, ಅದೂ ಮಧ್ಯಾಹ್ನದ ಬಸ್ಸಿಗೆ ನಾನು ಬಂದದ್ದು ನೋಡಿ ಮಹಾದೇವಿ ಗಾಬರಿಯಾದಳು. ಅವ್ವ ಹಿತ್ತಿಲ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಳು. ಬಟ್ಟಲನ್ನು ಎರಡೂ ಕೈಯಿಂದ ಹಿಡಿದಿದ್ದಳು. ಇಷ್ಟು ಭಾನುವಾರ ಎದುರಿಗೇ ಕೂತವನು, ನಾನು ತಕ್ಕಡಿಯ ಅಂಕಿ ನೋಡಿದ್ದೆನೇ ಹೊರತು ಇದನ್ನು ನೋಡಿರಲಿಲ್ಲ. "ಅತ್ತಿಯವರು ರೊಟ್ಟಿ ಬಡಿಯೂದ ಬಿಟ್ಟ ಬಾಳ ದಿನಾ ಆತ್ರಿ ಭಾವಾರ," ಎಂದಳು ಮಹಾದೇವಿ ಮೆಲ್ಲಗೆ. "ನೀನ ಚೊಲೊ ಬಡೀತಿ ಅಂತ ನನ್ನ ಹೊಗಳತಿದ್ರು. ನಾ ಖರೇ ಅಂತ ತಿಳದಿದ್ದೆ."

ನಾನು ಅವ್ವನ ಎದುರು ಕೂತು ನನ್ನ ಎರಡು ಬೆರಳು ಮುಂದೆ ಚಾಚಿದೆ. "ಗಟ್ಟಿ ಹಿಡಿ, ನೋಡೂಣು." ಅವಳು ಹಿಡಿದಳು. ಬಿಗಿಯೇ ಇರಲಿಲ್ಲ, ಬೆರಳು ತಾನಾಗಿಯೇ ಜಾರಿ ಹೊರಗೆ ಬಂತು. ಹೆಬ್ಬೆಟ್ಟಿನ ಬುಡದ ಮಾಂಸ ಇಳಿದುಹೋಗಿತ್ತು.

"ಯಾಕ ಹೇಳಲಿಲ್ಲವ್ವಾ?"

"ಏನಂತ ಹೇಳೂದು? ಬೆರಳ ಜೋಮ ಹಿಡೀತಾವ, ವಯಸ್ಸಾತು. ನುಗ್ಗಿ ತಪ್ಪಲ ತಿಂದೆ, ಎಣ್ಣಿ ಹಚ್ಚಿ ತಿಕ್ಕಿದೆ. ಕಡಿಮಿ ಆಗಲಿಲ್ಲ."

"ಆಗಲಿಲ್ಲ ಅಂದ ಮ್ಯಾಲ ಹೇಳಬೇಕಿತ್ತಿಲ್ಲ?"

ಅವ್ವ ಚಹಾದ ಬಟ್ಟಲು ಕೆಳಗಿಟ್ಟಳು. "ಹಿಡಿ ಅಳೀಲಿಕ್ಕಂತ ನೀ ಐತವಾರಕ್ಕೊಮ್ಮೆ ಬರಾಕತ್ತಿದ್ದಿ. ಹಿಡಿ ಬರೂದಿಲ್ಲ ಅಂದ್ರ ನೀನೂ ಬರೂದ ಬಿಡತಿದ್ದಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ತೊಂದರೆಯಾಗಿತ್ತು. ಬೇರೆ ಮಾತಿಗೆ ತಪ್ಪಿಸಿಕೊಳ್ಳಲೆಂದು, "ಮತ್ತ ಅವರವರ ಹಿಡೀಲೇ ಅಳೀಬೇಕು ಅಂತ ಹೇಳಿದ್ದು?" ಎಂದೆ.

"ನನ್ನ ಹಿಡಿ ಕೂಡತಿದ್ದಿಲ್ಲ, ಅದಕ್ಕ ಹಂಗಂದೆ. ನೀ ಬರಕೊಂಡಿ," ಎಂದಳು ಅವ್ವ. ನಾನು ಆಟೋ ನಗರವನ್ನೆಲ್ಲ ನೆನೆದು ತಲೆ ತಗ್ಗಿಸಿದೆ. ಅವಳೇ ಕರುಣೆ ತೋರಿಸಿ, "ಆದ್ರ ಅದೇನ ತಪ್ಪಲ್ಲ ಬಿಡು. ಕೂಸಿಗೆ ಕೂಸಿನ ಹಿಡಿ ಸರಿಯಾಕ್ಕೈತಿ. ನನಗ ಮೊದಲ ಹೊಳೆದಿದ್ದಿಲ್ಲ," ಎಂದಳು.

ಮರುದಿನವೇ ಬೆಳಗಾವಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ, ಸಣ್ಣ ಆಪರೇಶನ್ನಿನಿಂದ ಬಿಡಿಸಬಹುದು, ಇನ್ನೂ ತಡ ಮಾಡಿದ್ದರೆ ಕೈ ಪೂರ್ತಿ ಸೋಲುತ್ತಿತ್ತು ಎಂದರು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ನಾನು ನೋಟಬುಕ್ಕು ಮುಂದಿಟ್ಟೆ. ಅವರು ಅಂಕಿಗಳ ಮೇಲೆ ಬೆರಳಾಡಿಸಿ, "ಇಷ್ಟ ಛಂದ ರೆಕಾರ್ಡ್ ಯಾರೂ ತರೂದಿಲ್ರಿ," ಎಂದು ಮೆಚ್ಚಿದರು. ಆಮೇಲೆ ಅವರ ಬೆರಳು ಷರಾದ ಅಂಕಣಕ್ಕೆ ಬಂತು. ಗೆರೆ ಎಳೆದ ಸಾಲನ್ನು ಓದಿದರು, ನನ್ನ ಕಡೆ ನೋಡದೆ ಪುಟ ತಿರುವಿದರು. ಅವರ ಸಭ್ಯತೆಯನ್ನು ನಾನು ಮರೆಯಲಾರೆ.

ಹೀಗೆಂದು ಸೊಪ್ಪುಗಳ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಸಿಕ್ಕಿಕೊಂಡ ನರವನ್ನು ನುಗ್ಗೆ ಬಿಡಿಸಲಾರದು, ನಿಜ. ಹಾಗೆಂದು ಅವ್ವನೂ ಎಂದೂ ಹೇಳಿರಲಿಲ್ಲ. ತನ್ನ ಹತ್ತಿರ ಎಲೆ ಒಯ್ದವರಿಗೆ ಮೂರು ದಿನದಲ್ಲಿ ಗುಣವಾಗದಿದ್ದರೆ ದವಾಖಾನೆಗೆ ಹೋಗಿ ಎಂದು ಹೇಳಿಯೇ ಕಳಿಸುತ್ತಿದ್ದಳು. ಆ ಮಾತನ್ನು ತನಗೆ ಮಾತ್ರ ಹೇಳಿಕೊಳ್ಳಲಿಲ್ಲ, ಅಷ್ಟೆ. ನಮ್ಮ ಹೆಂಗಸರ ವೈದ್ಯದಲ್ಲಿ ಇದೊಂದು ಊನ ಮೊದಲಿನಿಂದಲೂ ಉಳಿದುಬಂದಿದೆ. ಮನೆಮಂದಿಯ ಎಲ್ಲ ಜಡ್ಡಿಗೂ ಒಂದೊಂದು ಎಲೆ ಗೊತ್ತು, ತಮ್ಮ ಜಡ್ಡಿಗೆ ಮಾತ್ರ ವಯಸ್ಸಾಯಿತು ಎಂಬ ಒಂದೇ ಮಾತು.

ಆಪರೇಶನ್ ಆಯಿತು. ಕೈಗೆ ಬಲ ಬರಲು ಮೆತ್ತನೆಯ ಚೆಂಡನ್ನು ಹಿಸುಕುತ್ತಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅವ್ವ ಎರಡು ದಿನ ಹಿಸುಕಿದಳು. ಮೂರನೆಯ ದಿನ, "ಇದನ್ನ ಹಿಸಕಿದ್ರ ಏನ ಬರತೈತಿ? ತಪ್ಪಲ ಸೋಸಿದ್ರ ಪಲ್ಯಾನಾದ್ರೂ ಆಕ್ಕೈತಿ," ಎಂದು ಚೆಂಡನ್ನು ಮೂಲೆಗಿಟ್ಟು ಮೊರ ಎಳೆದುಕೊಂಡಳು. ಕಡ್ಡಿಯಿಂದ ನುಗ್ಗೆಯ ಎಲೆ ಬಿಡಿಸುವುದು, ಮೆಂತ್ಯದ ಬೇರು ಚಿವುಟುವುದು, ಬೆಂದ ರಾಜಗಿರಿಯನ್ನು ಹಿಂಡಿ ನೀರು ತೆಗೆಯುವುದು. ಡಾಕ್ಟರಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, ಅದೂ ನಡೆಯುತ್ತದೆ ಎಂದರು. ತಮ್ಮನ ಮನೆಯಲ್ಲಿ ಈಗ ಎರಡು ಹೊತ್ತೂ ಸೊಪ್ಪಿನದೇ ಊಟ, ಬಸವರಾಜ ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳಿ ಗೋಳಾಡುತ್ತಾನೆ.

ನೋಟಬುಕ್ಕಿನ ಕೆಲಸ ಅಲ್ಲಿಗೆ ನಿಂತಿತು. ಅದು ನಿಂತ ಮೇಲಿನ ಮೊದಲ ಭಾನುವಾರ ನಾನು ಎಂದಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ, ಬರಿಗೈಯಲ್ಲಿ. ಅವ್ವ ಮೊರ ಸರಿಸಿ ಜಾಗ ಮಾಡಿಕೊಟ್ಟಳು.

"ಇವತ್ತ ಯಾವ ತಪ್ಪಲ ಬರಕೋತಿ?"

"ಯಾವದೂ ಇಲ್ಲವ್ವಾ. ಸುಮ್ನ ಬಂದೆ."

ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಪರೇಶನ್ ಆದ ಕೈಯನ್ನೇ ಚಾಚಿ ನನ್ನ ಹಣೆ ಮುಟ್ಟಿದಳು, ಕತ್ತಿನ ಕೆಳಗೆ ಮುಟ್ಟಿದಳು. ಆಮೇಲೆ ಒಳಗಡೆ ತಿರುಗಿ, "ಮಹಾದೇವಿ, ಒಂದ ನಾಕ ದೊಡ್ಡಪತ್ರಿ ಎಲಿ ಕುದಿಸಿ ತಗೊಂಬಾ ಇಂವಗ. ಮೈಯಾಗ ಏನೋ ಆಗೇತಿ. ಸುಮ್ನ ಬಂದೀನಿ ಅನ್ನಾಕತ್ತಾನ," ಎಂದಳು.

ನಾನು ವಾದ ಮಾಡಲಿಲ್ಲ. ಮಹಾದೇವಿ ತಂದುಕೊಟ್ಟ ಕಷಾಯವನ್ನು ತಳದವರೆಗೆ ಕುಡಿದೆ. ಅವ್ವ ಖಾಲಿ ಬಟ್ಟಲನ್ನು ಈಸಿಕೊಂಡು ಒಮ್ಮೆ ಇಣುಕಿ ನೋಡಿದಳು.

"ಮುಂದಿನ ಐತವಾರ ಮತ್ತ ಬಾ," ಎಂದಳು. "ಇದು ಒಂದ ಸಲಕ್ಕ ಹೋಗೂ ಜಡ್ಡ ಅಲ್ಲ."